ಪಹಣಿಯ ಹಾದಿ

ಆಳಂದ, ಅಫಜಲಪುರ, ಜೇವರ್ಗಿಗಳ ಕಪ್ಪು ನೆಲದಲ್ಲಿ ತೊಗರಿ ಬೆಳೆಯುವ ರೈತನಿಗೆ ಬಿತ್ತನೆಗಿಂತಲೂ ಕಠಿನವಾದ ಕೆಲಸವೊಂದುಂಟು. ತಂದೆ ತೀರಿಕೊಂಡ ಬಳಿಕ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದೇ ಅದು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲ ದೊರೆಯುವುದು ದುರ್ಲಭ. ಆಗ ಸಾಹುಕಾರನ ಬಾಗಿಲೇ ಗತಿ.

ಈ ಕಾರ್ಯ ಒಬ್ಬನಿಂದ ಆಗತಕ್ಕದ್ದಲ್ಲ. ಹಿಂದೆ ಗ್ರಾಮಲೆಕ್ಕಿಗನು ನೋಟೀಸು ಹಚ್ಚಬೇಕಾಗಿದ್ದಿತು. ತಕರಾರಿಗಾಗಿ 30 ದಿನ ಕಾಯಬೇಕಾಗಿದ್ದಿತು. ಕಂದಾಯ ನಿರೀಕ್ಷಕನು ಮಂಜೂರು ಮಾಡಿದ ಮೇಲೆ ಮತ್ತೆ ಲೆಕ್ಕಿಗನೇ ಪುಸ್ತಕದಲ್ಲಿ ಬರೆಯಬೇಕಾಗಿದ್ದಿತು. ನೋಡಲು ಸರಳವೇ. ಆದರೆ ಪುಸ್ತಕವಿದ್ದುದು ಲೆಕ್ಕಿಗನ ಕೈಯಲ್ಲಿ. ಯಾರ ಅರ್ಜಿ ಮೊದಲು, ಯಾರದು ಆಮೇಲೆ ಎಂಬುದಕ್ಕೆ ಅವನ ಮರ್ಜಿಯೇ ಶಾಸನ. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ ಸಂಬಳದ ಲೆಕ್ಕಿಗರು ಬಂದರು. ವ್ಯಕ್ತಿ ಬದಲಾದನೇ ಹೊರತು ಕಾಗದ ನಡೆಯುವ ಹಾದಿ ಬದಲಾಗಲಿಲ್ಲ.

ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡು 2001ರಲ್ಲಿ ಉದ್ಘಾಟನೆಯಾದ 'ಭೂಮಿ' ಯೋಜನೆಯ ಹೆಗ್ಗಳಿಕೆ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿದ್ದು ಎಂದು ಹಲವರ ನಂಬಿಕೆ. ಅದು ಹೆಚ್ಚೆಂದರೆ ಅರ್ಧ ಮಾತು. ಪಟ್ಟಣದ ಕಚೇರಿಗಳಲ್ಲಿ ಹೊಸ ಯಂತ್ರ ತರಿಸಿ, ಹಳೆಯ ಹಾದಿಯಲ್ಲೇ ಕಡತ ನೂಕಿಸುವ ಮೇಲಧಿಕಾರಿಗಳಿಗೇನೂ ಬರವಿಲ್ಲ! ಇಲ್ಲಿ ಹಾದಿಯನ್ನೇ ತಿದ್ದಲಾಯಿತು. ಕೈಬರಹದ ಪಹಣಿ ಅಸಿಂಧುವಾಯಿತು. ಅರ್ಜಿ ತಾಲ್ಲೂಕು ಕಚೇರಿಯ ಗವಾಕ್ಷಿಯಲ್ಲಿ ದಾಖಲಾಗಿ ಅದಕ್ಕೊಂದು ಸಂಖ್ಯೆ ಬಿದ್ದಿತು. ಹಿಂದಿನದನ್ನು ಮುಗಿಸದೆ ಮುಂದಿನದನ್ನು ಎತ್ತಿಕೊಳ್ಳಲು ಯಂತ್ರ ಬಿಡದು. ಬೆರಳ ಗುರುತು ಒತ್ತಿದ ನೌಕರನು 'ನಾನಲ್ಲ' ಎನ್ನುವಂತೆಯೂ ಇಲ್ಲ. ಪಹಣಿಯ ನಕಲಂತೂ ಆಗ 15 ರೂಪಾಯಿಗೆ ನಿಂತ ನಿಲುವಿನಲ್ಲೇ ಕೈಸೇರತೊಡಗಿತು.

ಆದರೆ ಲೆಕ್ಕಿಗನು ಊರಿನ ಸಮೀಪದಲ್ಲಾದರೂ ಸಿಗುತ್ತಿದ್ದನು. ಹೊಸ ಏರ್ಪಾಟಿನಲ್ಲಿ ಭೀಮಾತೀರದ ಮೂಲೆಯ ಹಳ್ಳಿಯವನು ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಬರಬೇಕಾಯಿತು. ಒಂದು ದಿನದ ಕೂಲಿ ಹೋಯಿತು. ಮುಂದೆ ಹೋಬಳಿಯ ನಾಡಕಚೇರಿಗಳಲ್ಲೂ ಪಹಣಿ ದೊರೆಯತೊಡಗಿದ ಮೇಲೆ ಈ ಕಷ್ಟ ಎಷ್ಟೋ ಇಳಿಯಿತು.

ಇನ್ನೊಂದು ತೊಡಕು ಕಚೇರಿಯ ಹೊರಗಿನದು. ಪೌತಿ ಖಾತೆಗೆ ವಂಶವೃಕ್ಷ ಬೇಕು. ಅದರಲ್ಲಿ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನೂ ಮದುವೆಯಾಗಿ ಹೋದ ಮಗಳೂ ಇರಬೇಕು. ಅವರಲ್ಲೊಬ್ಬರು ತಕರಾರು ಹೂಡಿದರೋ, ಅರ್ಜಿಯು ಸರದಿಯಿಂದ ಹೊರಬಿದ್ದು ಮೇಲಧಿಕಾರಿಯ ವಿಚಾರಣೆಗೆ ಹೋಗುತ್ತದೆ. ಅಲ್ಲಿ ಎಷ್ಟು ದಿನವೆಂಬುದನ್ನು ಯಾವ ಯಂತ್ರವೂ ಹೇಳದು.