ರಾತ್ರಿ ಕ್ಯಾಮರಾ ಮಸುಕಾಗಿದೆಯೇ?

ಮನೆಯ ಗಂಡಸರು ಪರವೂರಿನಲ್ಲಿದ್ದಾಗ ರಾತ್ರಿ ಬಾಗಿಲು ಬಡಿದವರಾರೆಂದು ಕ್ಯಾಮರಾದಲ್ಲಿ ನೋಡಿಯೇ ನೀವು ಚಿಲಕ ತೆಗೆಯುತ್ತೀರಿ. ಅದರಲ್ಲಿ ಬರೀ ಬಿಳಿ ಮಂಜು ಕಂಡರೆ? ಹೊಸ ಕ್ಯಾಮರಾ ಕೊಳ್ಳುವ ಮುನ್ನ ಹೀಗೆ ಮಾಡಿ ನೋಡಿ.

ಕತ್ತಲಲ್ಲಿ ಹೆಚ್ಚಿನ ಕ್ಯಾಮರಾಗಳು ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುತ್ತವೆ. ಜೇಡರ ಬಲೆ, ಧೂಳು ಅಥವಾ ಹತ್ತಿರದ ಗೋಡೆಗೆ ತಾಗಿ ಅದು ಮರಳಿದರೆ ಚಿತ್ರ ಮಸುಕಾಗುತ್ತದೆ.

* ಬಲೆ, ಧೂಳು ಕೊಡವಿ, ಗಾಜನ್ನು ತುಸು ಒದ್ದೆಯಾದ ಮೃದು ಬಟ್ಟೆಯಿಂದ ಒರೆಸಿ.
* ಕ್ಯಾಮರಾವನ್ನು ಕಿಟಕಿ ಗಾಜಿನ ಹಿಂದೆ ಇಡಬೇಡಿ.
* ಜಗಲಿಯ ದೀಪ ಉರಿಸಿಡಿ. ಅದು ಕ್ಯಾಮರಾಕ್ಕೆ ನೇರ ಹೊಡೆಯದಿರಲಿ.
* ರಾತ್ರಿ ಮನೆಯವರೊಬ್ಬರನ್ನು ಬಾಗಿಲಾಚೆ ನಿಲ್ಲಿಸಿ, ಮುಖ ಗುರುತು ಸಿಗುತ್ತದೆಯೇ ನೋಡಿ.

ನೆರೆಮನೆಯ ಅಂಗಳಕ್ಕೆ ನಿಮ್ಮ ಕ್ಯಾಮರಾ ಇಣುಕದಿರಲಿ. ಗುರುತು ಸಿಗದಿದ್ದರೆ ಬಾಗಿಲು ತೆರೆಯದೆ ಒಳಗಿನಿಂದಲೇ ಹೆಸರು ಕೇಳಿ.