ಸಣ್ಣ ಭಾಷೆಯ ಕಲೆಗೆ ದಾರಿಯ ಖರ್ಚು

ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ಬ್ರಿಟನ್ನಿನಲ್ಲಿರುವ ಕನ್ನಡಿಗರು ಹಬ್ಬವನ್ನೇ ಆಚರಿಸಿದೆವು. 50,000 ಪೌಂಡುಗಳ ಬಹುಮಾನವು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಸಂದದ್ದು ಎಲ್ಲರಿಗೂ ತಿಳಿದಿದೆ. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿ ಇನ್ನೊಂದಿದೆ. ಪ್ರಶಸ್ತಿಗೆ ಮೊದಲೇ ಈ ಅನುವಾದಕ್ಕೆ ಇಂಗ್ಲಿಷ್ ಪೆನ್ ಸಂಸ್ಥೆಯ ‘ಪೆನ್ ಟ್ರಾನ್ಸ್‌ಲೇಟ್ಸ್’ ಅನುದಾನ ದೊರೆತಿತ್ತು. 2012ರಲ್ಲಿ ಆರಂಭವಾದ ಈ ಯೋಜನೆಗೆ ಇಂಗ್ಲೆಂಡಿನ ಕಲಾ ಮಂಡಳಿಯ ಬೆಂಬಲವಿದೆ. ಅನ್ಯಭಾಷೆಯ ಕೃತಿಯನ್ನು ಪ್ರಕಟಿಸಲು ಮುಂದಾಗುವ ಇಲ್ಲಿನ ಪ್ರಕಾಶಕರಿಗೆ ಅನುವಾದದ ವೆಚ್ಚದ ಬಹುಪಾಲನ್ನು ಅದು ಭರಿಸುತ್ತದೆ.

ಈ ಹಣದ ಸ್ವರೂಪವನ್ನು ಗಮನಿಸಬೇಕು. ಇದು ಸನ್ಮಾನಧನವಲ್ಲ, ಹೊಸ ಕಥೆ ಬರೆಯಲು ಕೊಟ್ಟ ಸಂಭಾವನೆಯೂ ಅಲ್ಲ. ಕೃತಿಯು ಒಂದು ಭಾಷೆಯ ಓದುಗರಿಂದ ಇನ್ನೊಂದು ಭಾಷೆಯ ಓದುಗರವರೆಗೆ ಸಾಗುವ ದಾರಿಯ ಖರ್ಚು.

ಈ ದಾರಿಯ ಖರ್ಚಿನ ಮಹತ್ವವನ್ನು ಬಹುಕಾಲದಿಂದ ಅರಿತಿರುವ ನಾಡು ವೇಲ್ಸ್. 2021ರ ಜನಗಣತಿಯಂತೆ ಅಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000, ಅಂದರೆ ಜನಸಂಖ್ಯೆಯ ಶೇ 17.8. ಹತ್ತು ವರ್ಷಗಳ ಹಿಂದೆ ಈ ಪ್ರಮಾಣ ಶೇ 19 ಇತ್ತು. 2050ರ ವೇಳೆಗೆ ಹತ್ತು ಲಕ್ಷ ವೆಲ್ಷ್ ಭಾಷಿಕರು ಇರಬೇಕೆಂಬುದು ಅಲ್ಲಿನ ಸರ್ಕಾರದ ಗುರಿ. ವೇಲ್ಸಿನ ಕಲಾ ಮಂಡಳಿಯು ತನ್ನ ಅಂತರರಾಷ್ಟ್ರೀಯ ವಿಭಾಗದ ಮೂಲಕ ಕಲಾವಿದರ ವಿದೇಶ ಪ್ರಯಾಣಕ್ಕೆ ನೆರವು ನೀಡುತ್ತದೆ. ವೆಲ್ಷ್ ಕೃತಿಗಳನ್ನು ಅನುವಾದಿಸಲು ಮುಂದಾಗುವ ಹೊರದೇಶದ ಪ್ರಕಾಶಕರಿಗೆ ‘ವೇಲ್ಸ್ ಲಿಟರೇಚರ್ ಎಕ್ಸ್‌ಚೇಂಜ್’ ಸಹಾಯ ಒದಗಿಸುತ್ತ ಬಂದಿದೆ.

ದೂರದರ್ಶನದ ಉದಾಹರಣೆಯಂತೂ ಇನ್ನೂ ಸ್ಪಷ್ಟವಾಗಿದೆ. 1982ರಿಂದ ಪ್ರಸಾರವಾಗುತ್ತಿರುವ ವೆಲ್ಷ್ ವಾಹಿನಿ ಎಸ್‌ಫೋರ್‌ಸಿ, ಬಿಬಿಸಿಯೇ ಮೊದಲಾದವರ ಸಹಯೋಗದಲ್ಲಿ ಅಬೆರಿಸ್ಟ್‌ವಿತ್ ಸುತ್ತಮುತ್ತ ಒಂದು ಪತ್ತೇದಾರಿ ಧಾರಾವಾಹಿಯನ್ನು ತಯಾರಿಸಿತು. ಇಂಗ್ಲಿಷಿನಲ್ಲಿ ಅದರ ಹೆಸರು ‘ಹಿಂಟರ್‌ಲ್ಯಾಂಡ್’. ಅದೇ ನಟರು ಅದೇ ದೃಶ್ಯವನ್ನು ಒಮ್ಮೆ ವೆಲ್ಷ್‌ನಲ್ಲಿ, ಮತ್ತೊಮ್ಮೆ ಇಂಗ್ಲಿಷಿನಲ್ಲಿ ಅಭಿನಯಿಸಿದರು. 2013ರಲ್ಲಿ ವೆಲ್ಷ್ ಆವೃತ್ತಿ ಮೊದಲು ತೆರೆಕಂಡಿತು. ಡೆನ್ಮಾರ್ಕಿನ ಸಾರ್ವಜನಿಕ ವಾಹಿನಿಯೂ ಅದನ್ನು ಕೊಂಡಿತು. ಮನೆಯ ಪ್ರೇಕ್ಷಕರನ್ನು ಕೈಬಿಡದೆ ಹೊರಗಿನ ಮಾರುಕಟ್ಟೆಯನ್ನು ತಲುಪಿದ ಮಾದರಿಯಿದು.

ಆದರೆ ಅನುದಾನವೇ ಸರ್ವರೋಗಕ್ಕೂ ಮದ್ದು ಎಂದು ವೈದ್ಯನಾದ ನಾನು ಹೇಳಲಾರೆ. ಕಲಾವಿದನಿಗೆ ದಿನನಿತ್ಯದ ಆದಾಯವಿಲ್ಲದಿದ್ದರೆ ಒಂದು ಪ್ರವಾಸದ ನೆರವು ಆತನನ್ನು ಉಳಿಸುವುದಿಲ್ಲ. 2007ರಲ್ಲಿ ಗೌರವಧನ ಹಂಚಿಕೆಯ ಸೂತ್ರ ಬದಲಾದ ಮೇಲೆ ವೆಲ್ಷ್ ಗೀತರಚನಕಾರರಿಗೆ ರೇಡಿಯೋದಿಂದ ಬರುವ ಹಣ ತೀವ್ರವಾಗಿ ಕುಸಿಯಿತು. ಅವರಲ್ಲಿ ಹಲವರು ಬೇರೆಯಾಗಿ ‘ಎಯೋಸ್’ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. 2013ರ ಜನವರಿ 1ರಿಂದ ಬಿಬಿಸಿಯ ವೆಲ್ಷ್ ಕೇಂದ್ರವಾದ ರೇಡಿಯೋ ಕಮ್ರಿ ಅವರ 30,000ಕ್ಕೂ ಹೆಚ್ಚು ಹಾಡುಗಳನ್ನು ಪ್ರಸಾರ ಮಾಡುವಂತಿರಲಿಲ್ಲ. ಕೆಲವು ವಾರಗಳ ಬಳಿಕವಷ್ಟೇ ತಾತ್ಕಾಲಿಕ ಒಪ್ಪಂದವಾಯಿತು. ಅನುದಾನವನ್ನು ಬೇಡಬೇಕು, ಗೌರವಧನ ಹಕ್ಕು ಎಂಬ ಅಂತರವನ್ನು ಆ ಸಂಗೀತಗಾರರು ಚೆನ್ನಾಗಿ ಬಲ್ಲರು.

ಬೇಡಿ ಪಡೆಯುವ ಹಣಕ್ಕೆ ಸ್ಥಿರತೆಯೂ ಕಡಿಮೆ. 2024–25ರ ಆಯವ್ಯಯದಲ್ಲಿ ವೇಲ್ಸಿನ ಕಲಾ ಮಂಡಳಿಯ ಅನುದಾನಕ್ಕೆ ಶೇ 10.5ರಷ್ಟು ಕತ್ತರಿ ಬಿತ್ತು. ಐರೋಪ್ಯ ಒಕ್ಕೂಟವನ್ನು ತೊರೆದ ಬ್ರಿಟನ್ ‘ಕ್ರಿಯೇಟಿವ್ ಯೂರೋಪ್’ ಯೋಜನೆಯಿಂದಲೂ ಹೊರಬಂದಿತು. ಯೂರೋಪಿನಲ್ಲಿ ಕಾರ್ಯಕ್ರಮ ನೀಡಲು ಈಗ ದೇಶಕ್ಕೊಂದು ನಿಯಮ, ಕಾಗದಪತ್ರ. ಹೀಗೆ ದಾರಿಯ ಖರ್ಚು ಏರಿದ ಕಾಲದಲ್ಲೇ ನೆರವು ಇಳಿಯಿತು.

ಕನ್ನಡಕ್ಕೆ ಇದರಿಂದ ಕಲಿಯುವುದಿದೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ, ಭಾಷಿಕರ ಸಂಖ್ಯೆಯಲ್ಲಿ ವೆಲ್ಷ್ ನಮ್ಮ ಎಂಬತ್ತರಲ್ಲಿ ಒಂದು ಪಾಲು. ಆದರೂ ಹೊರನಾಡಿನಲ್ಲಿ ನಮ್ಮ ಕಲೆ ನಮ್ಮೊಳಗೇ ಸುತ್ತುತ್ತದೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಕನ್ನಡ ಸಂಘಗಳು ಊರಿನಿಂದ ಗಾಯಕರನ್ನು ಕರೆಸುತ್ತವೆ, ಸಭಾಂಗಣ ತುಂಬುತ್ತದೆ, ನಾವೇ ಚಪ್ಪಾಳೆ ತಟ್ಟುತ್ತೇವೆ. ಅದು ಬೇಕು, ತವರಿನ ನಂಟು ಉಳಿಯುವುದೇ ಅದರಿಂದ. ಆದರೆ ಅದನ್ನು ಹೊಸ ಮಾರುಕಟ್ಟೆ ಎನ್ನಲಾಗದು. ಅದೇ ಖರ್ಚಿನ ಸಣ್ಣ ಪಾಲನ್ನು ಯಕ್ಷಗಾನ ಪ್ರಸಂಗದ ಇಂಗ್ಲಿಷ್ ಕಥಾಸಾರಕ್ಕೆ, ನಾಟಕದ ಪರದೆ-ಅನುವಾದಕ್ಕೆ, ಊರಿನ ರಂಗಮಂದಿರದ ವ್ಯವಸ್ಥಾಪಕರನ್ನು ಆಹ್ವಾನಿಸಲು ಮೀಸಲಿಟ್ಟರೆ ಮುಂದಿನ ಬಾರಿ ಕರೆ ಅವರಿಂದಲೇ ಬಂದೀತು.

ಇಲ್ಲಿಗೆ ಬರಬಯಸುವ ತರುಣ ಕಲಾವಿದರಿಗೂ, ಅವರ ಹೆತ್ತವರಿಗೂ ಒಂದು ಮಾತು. ವಿದೇಶದ ಅನುದಾನವನ್ನು ನಂಬಿ ಊರಿನ ಸಂಪಾದನೆಯನ್ನು ಬಿಡಬೇಡಿ. ಇಂತಹ ನೆರವು ಸಾಮಾನ್ಯವಾಗಿ ಆಯಾ ದೇಶದಲ್ಲಿ ನೆಲೆಸಿದ ಕಲಾವಿದರಿಗೆ ಅಥವಾ ಅಲ್ಲಿನ ಪ್ರಕಾಶಕರಿಗೆ ಸಲ್ಲುತ್ತದೆ. ‘ಹಾರ್ಟ್ ಲ್ಯಾಂಪ್’ಗೂ ಹಣ ಬಂದದ್ದು ಷೆಫೀಲ್ಡಿನ ‘ಅಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಪ್ರಕಾಶನದ ಮೂಲಕ. ಆದ್ದರಿಂದ ಮೊದಲು ಬೇಕಾದದ್ದು ನಿಮ್ಮ ಕೆಲಸವನ್ನು ಮೆಚ್ಚಿ ಇಲ್ಲಿ ಅರ್ಜಿ ಹಾಕುವ ಜೊತೆಗಾರರು, ಮತ್ತು ಅವರ ಕೈಗಿಡಲು ಹತ್ತಿಪ್ಪತ್ತು ಪುಟಗಳ ಒಳ್ಳೆಯ ಅನುವಾದ. ಆ ಮೊದಲ ಪುಟಗಳ ಅನುವಾದಕರಿಗೆ ತಕ್ಕ ಸಂಭಾವನೆ ಕೊಡುವ ಹೊಣೆಯನ್ನು ಹೊರನಾಡ ಕನ್ನಡಿಗರಾದ ನಾವು ಹೊರಬಹುದು. ತಾರೆಯರ ಸಂಜೆಯೊಂದಕ್ಕೆ ತಗಲುವ ಹಣದ ಮುಂದೆ ಅದು ತೀರಾ ಸಣ್ಣ ಮೊತ್ತ.