300ರ ಮಿತಿ ತೆಗೆಯಿರಿ ಅನ್ನುವವರಿಗೆ

ಕುದುರೆಮುಖ ಚಾರಣಕ್ಕೆ ದಿನಕ್ಕೆ 300 ಜನ ಅಂತ ಇರುವ ಮಿತಿ ತೆಗೆಯಬೇಕು, ಶನಿವಾರ ಭಾನುವಾರವಾದರೂ ಬಂದವರನ್ನೆಲ್ಲ ಬಿಡಬೇಕು ಅಂತ ನಮ್ಮ ಕಡೆ ಒಂದು ಮನವಿ ಸುತ್ತುತ್ತಿದೆ. ಹೋಂಸ್ಟೇ ಮಾಡಿದವರು ಸಹಿ ಹಾಕಿದ್ದಾರೆ, ಜೀಪು ಇಟ್ಟವರು ಹಾಕಿದ್ದಾರೆ, ಇದ್ಯಾವುದೂ ಇಲ್ಲದ ಬರೀ ತೋಟದವರೂ ಹಾಕಿದ್ದಾರೆ. ನಾನು ಹಾಕಲಿಲ್ಲ. ಯಾಕೆ ಅಂತ ಸಂತೆಯಲ್ಲಿ ಇಬ್ಬರು ಮೂವರು ಕೇಳಿದರು. ನಿಂತ ಕಾಲಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು, ಅದಕ್ಕೆ ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ರಾತ್ರಿ ಊಟ ಆದಮೇಲೆ ಓದಿ.

ಪ್ರವಾಸಿಗರೇ ಬರಬಾರದು ಅನ್ನುವ ಪೈಕಿ ನಾನಲ್ಲ. ಕಳಸ, ಶೃಂಗೇರಿ ಕಡೆ ಅಡಿಕೆ ತೋಟಗಳ ಗತಿ ಏನಾಗಿದೆ ಅಂತ ನಿಮಗೆ ನಾನು ಹೇಳಬೇಕಾ? ಹಳದಿ ಎಲೆ ರೋಗ ತಿಂದು ಉಳಿಸಿದ್ದನ್ನು ಎಲೆಚುಕ್ಕಿ ತಿನ್ನುತ್ತಿದೆ. ಔಷಧಿ ಹೊಡೆಯುವವರ ಸಂಬಳ, ದೋಟಿ, ಗೊಬ್ಬರ ಎಲ್ಲ ಕಳೆದರೆ ಕೈಯಲ್ಲಿ ಉಳಿಯೋದು ಲೆಕ್ಕದ ಪುಸ್ತಕ ಮಾತ್ರ. ಅಂಥದ್ದರಲ್ಲಿ ಮನೆ ಪಕ್ಕ ಎರಡು ರೂಮು ಕಟ್ಟಿ, ಕಡುಬು ಕೋಳಿ ಸಾರು ಬಡಿಸಿ ನಾಲ್ಕು ಕಾಸು ಮಾಡುವವನನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ನನ್ನ ತಕರಾರು ಬೇರೆ. ಹೆಚ್ಚು ಜನ ಬಂದರೆ ನಮಗೆ ಹೆಚ್ಚು ದುಡ್ಡು ಅಂತ ಮನವಿಯಲ್ಲಿ ಬರೆದಿದ್ದಾರಲ್ಲ, ಆ ಲೆಕ್ಕವೇ ತಪ್ಪು ಅನ್ನೋದು ನನ್ನ ವಾದ.

ಈಗ ಬರುವವನ ಪ್ರಯಾಣ ನೋಡಿ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ಸೋ ಟಿ.ಟಿ.ಯೋ ಹತ್ತುತ್ತಾನೆ. ನಿದ್ದೆಗೆಟ್ಟು ಬೆಳಗಿನ ಜಾವ ಸಂಸೆ ಕಡೆ ಇಳಿದು, ಮುಖ ತೊಳೆದು, ಉಪ್ಪಿಟ್ಟು ತಿಂದು, ಜೀಪಲ್ಲಿ ಕುಲುಕಿಕೊಂಡು ಮುಳ್ಳೋಡಿ. ಅಲ್ಲಿಂದ ಹೋಗಿ ಬರಲು 20 ಕಿಲೋಮೀಟರ್ ಹತ್ತಿರ. 1,890 ಮೀಟರ್ ದಾಟಿದ ಶಿಖರ ಅದು, ಸಂಜೆಯೊಳಗೆ ಇಳಿಯಲೇಬೇಕು. ಹಾಗಾಗಿ ಓಟವೇ ಓಟ. ದಾರಿಯುದ್ದಕ್ಕೂ ಅವನು ನೋಡೋದು ಮುಂದಿನವನ ಬೆನ್ನಚೀಲ. ತುದಿಯಲ್ಲಿ ಮಂಜು ಇದ್ದರೆ ಅದೂ ಇಲ್ಲ, ಬಿಳಿ ಗೋಡೆ ಮುಂದೆ ಒಂದು ಫೋಟೋ. ಇಳಿದು ಮತ್ತೆ ರಾತ್ರಿ ಬಸ್ಸು. ನಮ್ಮ ಊರಿಗೆ ಅವನಿಂದ ಬಂದದ್ದು ಎರಡು ಊಟ, ಜೀಪಿನ ಪಾಲು. ಉಳಿದದ್ದು ಪ್ಯಾಕೇಜ್ ಮಾಡಿದವನ ಜೇಬಿಗೆ. ಆ ಪ್ಯಾಕೇಜಿನವರು ನಮ್ಮ ಊರಿನವರಾ? ಮಿತಿ ತೆಗೆದರೆ ಮೊದಲು ಲಾಭ ಅವರಿಗೆ. ಜನ ಹೆಚ್ಚಾದಷ್ಟೂ ನಮ್ಮ ರೂಮಿನ ರೇಟು ಇಳಿಸಿ ಕೇಳ್ತಾರೆ, ಕೊಡದಿದ್ದರೆ ಪಕ್ಕದ ಮನೆಗೆ ಹೋಗ್ತಾರೆ. ಅಡಿಕೆ ಮಂಡಿಯಲ್ಲಿ ಕಂಡ ಆಟವೇ ಇದು.

ಇನ್ನು ಕಾಡುಪ್ರಾಣಿ. ಹೋಂಸ್ಟೇ ಬೋರ್ಡುಗಳಲ್ಲಿ ಹುಲಿ, ಸಿಂಗಳೀಕ, ಮಂಗಟ್ಟೆ ಹಕ್ಕಿಯ ಚಿತ್ರ ಹಾಕಿದ್ದೀರಿ. ಬಂದವನು ಯಾವುದನ್ನು ನೋಡಿಕೊಂಡು ಹೋದ, ಕೇಳಿದ್ದೀರಾ? ಶನಿವಾರದ ಮೆರವಣಿಗೆಯಲ್ಲಿ ಸ್ಪೀಕರ್ ಹಾಕಿಕೊಂಡು ಹತ್ತಿದವನಿಗೆ ಉಂಬಳ ಬಿಟ್ಟರೆ ಬೇರೆ ಜೀವ ಸಿಗೋದಿಲ್ಲ. ಅವನು ಊರಿಗೆ ಹೋಗಿ ಅಲ್ಲಿ ಏನೂ ಇಲ್ಲ, ವ್ಯೂ ಚೆನ್ನಾಗಿದೆ ಅಂತ ಬರೀತಾನೆ. ಏನೂ ಇಲ್ಲವಂತೆ!

ಕುದುರೆಮುಖ ಕಾಡಲ್ಲಿ ಏನಿದೆ ಅಂತ ಗೊತ್ತಾಗಬೇಕಾದರೆ ನಿಲ್ಲಬೇಕು. ಹುಲ್ಲುಗುಡ್ಡದ ಮಡಿಲಲ್ಲಿ, ನೀರು ಹರಿಯುವ ಕಡೆ ಮಾತ್ರ ಒತ್ತಾಗಿ ಬೆಳೆದ ಶೋಲಾ ಕಾಡು ಇದೆಯಲ್ಲ, ಕಾಡು ಮುಗಿದು ಹುಲ್ಲು ಶುರುವಾಗುವ ಆ ಅಂಚು, ಅಲ್ಲೇ ಕಾಟಿ ಬರೋದು. ಬಿಸಿಲು ಏರುವ ಮೊದಲು, ಗಾಳಿ ನಮ್ಮ ಕಡೆಗೆ ಬೀಸುವಾಗ, ಬಾಯಿ ಮುಚ್ಚಿ ಕಾಲು ಗಂಟೆ ಕೂತರೆ ಮಂಜಿನೊಳಗಿಂದ ಮೊದಲು ಬಿಳಿ ಕಾಲುಚೀಲ ಕಾಣ್ತದೆ, ಆಮೇಲೆ ಮೈ. ಹತ್ತಿರ ಹೋಗುವ ಹುಚ್ಚು ಬೇಡ, ಒಂಟಿ ಹೋರಿಯಾದರೆ ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಇದು ನಮಗೆ ಗೊತ್ತು, ಬೆಂಗಳೂರಿನವನಿಗೆ ಹೇಗೆ ಗೊತ್ತಾಗಬೇಕು?

ಸಿಂಗಳೀಕದ ವಿಷಯ ಇನ್ನೂ ಸೂಕ್ಷ್ಮ. ಜಗತ್ತಿನಲ್ಲಿ ಅದು ಇರೋದು ಪಶ್ಚಿಮಘಟ್ಟದಲ್ಲಿ ಮಾತ್ರ. ಮುಸುವನನ್ನು ತೋರಿಸಿ ಸಿಂಗಳೀಕ ಅಂತ ಹೇಳಿ ಕಳಿಸುವ ಗೈಡುಗಳೂ ನಮ್ಮಲ್ಲಿ ಇದ್ದಾರೆ, ಇರಲಿ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವ ಹಾಗೆ ಕುಚ್ಚು. ಅದು ನೆಲಕ್ಕಿಳಿಯೋದು ಕಡಿಮೆ, ಮರದಿಂದ ಮರಕ್ಕೇ ಸಂಸಾರ. ಅದನ್ನು ಹುಡುಕುವವನು ಮೇಲೆ ನೋಡುವ ಮೊದಲು ಕೆಳಗೆ ನೋಡಬೇಕು. ಮರದ ಬುಡದಲ್ಲಿ ಅರ್ಧ ಕಚ್ಚಿ ಬಿಸಾಕಿದ ಕಾಯಿ ಹಸಿಯಾಗಿದ್ದರೆ ಗುಂಪು ಹತ್ತಿರದಲ್ಲೇ ಇರಬಹುದು ಅಂತ ಲೆಕ್ಕ. ನಮ್ಮ ಹಾಡ್ಯಗಳಲ್ಲಿ ಬೆಳೆದ ಹುಡುಗನಿಗೆ ಇದು ಬರ್ತದೆ. ಮಂಗಟ್ಟೆ ಹಾರಿದ ರೆಕ್ಕೆ ಸದ್ದು ಎಲ್ಲಿಂದ ಎಲ್ಲಿಗೆ ಹೋಯಿತು, ಕೆಂದಳಿಲು ಯಾಕೆ ಇದ್ದಕ್ಕಿದ್ದ ಹಾಗೆ ಬಾಯಿ ಮಾಡಿತು ಅಂತ ಹೇಳುವ ಹುಡುಗ ಅವನು. ಇಂಥವನ ಒಂದು ದಿನಕ್ಕೆ ಬೆಲೆ ಇಲ್ಲವಾ? ಅವನನ್ನು ನಾವು ಜೀಪಿನ ಕ್ಲೀನರ್ ಮಾಡಿ ಇಟ್ಟಿದ್ದೇವೆ.

ಈಗ ನೀರಿನ ವಿಷಯ, ಇದನ್ನು ಹೋಂಸ್ಟೇ ಇಲ್ಲದವರೂ ಗಮನ ಇಟ್ಟು ಓದಿ. ನಮ್ಮಲ್ಲಿ ಅರ್ಧಕ್ಕರ್ಧ ಜನರ ತೋಟಕ್ಕೆ ಪಂಪಿಲ್ಲ, ಕರೆಂಟ್ ಬಿಲ್ಲಿಲ್ಲ. ಗುಡ್ಡದ ಅಬ್ಬಿಗೆ ಪೈಪು ಹಾಕಿದ್ದೇವೆ, ನೀರು ತಾನಾಗಿ ಇಳಿದು ಬರ್ತದೆ. ಮೇಲಿನ ಹುಲ್ಲು ಮತ್ತು ಶೋಲಾ ಸೇರಿ ಮಳೆಗಾಲದ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡೋದರಿಂದ ಏಪ್ರಿಲಿನಲ್ಲೂ ಜೆಟ್ ತಿರುಗ್ತದೆ. ಅದೇ ಹುಲ್ಲಿನ ಮೇಲೆ ಮಳೆಗಾಲದಲ್ಲಿ ದಿನವೂ ನೂರಾರು ಜೋಡಿ ಬೂಟು ಓಡಾಡಿದರೆ ಏನಾಗ್ತದೆ? ಮೊದಲು ಹುಲ್ಲು ಸಾಯ್ತದೆ. ದಾರಿ ಕೆಸರಾದ ಕೂಡಲೇ ಬೂಟು ಹಾಳಾಗಬಾರದು ಅಂತ ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಇಡ್ತಾರೆ. ಒಂದಾಳು ಅಗಲದ ಕಾಲುದಾರಿ ಎತ್ತಿನಗಾಡಿ ದಾರಿ ಆಗ್ತದೆ. ಇಳಿಜಾರಿನಲ್ಲಿ ಅದೇ ಚರಂಡಿ. ಇಂಗಬೇಕಾದ ನೀರು ಮಣ್ಣು ಕಟ್ಟಿಕೊಂಡು ಓಡ್ತದೆ, ನಮ್ಮ ಪೈಪಿನ ಬಾಯಿಗೆ ಬಂದು ಕೂರ್ತದೆ. ನಮ್ಮ ಅಬ್ಬಿ ತೊಟ್ಟಿಯ ಹೂಳನ್ನು ಮೊದಲು ವರ್ಷಕ್ಕೊಂದು ಸಲ ತೆಗೆಯುತ್ತಿದ್ದೆವು, ಈಗ ಆಷಾಢದಿಂದ ದೀಪಾವಳಿಯೊಳಗೆ ಮೂರು ಸಲ. ಬರೀ ಚಾರಣದಿಂದಲೇ ಅನ್ನೋದಿಲ್ಲ, ಮಳೆಯ ರೀತಿಯೂ ಬದಲಾಗಿದೆ. ಆದರೆ ಗಾಯದ ಮೇಲೆ ಬರೆ ಹಾಕಿ ಅಂತ ನಾವೇ ಅರ್ಜಿ ಕೊಡಬೇಕಾ?

ಈ ಬೆಟ್ಟ ಇಂಥ ಲೆಕ್ಕ ಒಮ್ಮೆ ನೋಡಿದೆ. ಕಬ್ಬಿಣದ ಅದಿರಿನ ಗಣಿ ಇದ್ದಾಗಲೂ ಊರಿಗೆ ಕೆಲಸ, ಆಸ್ಪತ್ರೆ, ರಸ್ತೆ ಬಂತು ಅಂತಲೇ ಹೇಳುತ್ತಿದ್ದರು, ಬಂದದ್ದೂ ಸುಳ್ಳಲ್ಲ. ಜೊತೆಗೆ ಭದ್ರೆಗೆ ಕೆಂಪು ಹೂಳೂ ಬಂತು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಟೌನ್‌ಶಿಪ್ ಖಾಲಿಯಾಯಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಹೂಳು ಮಾತ್ರ ಹೋಗಲಿಲ್ಲ, ಇವತ್ತಿಗೂ ಇದೆ. ಬೇಗ ಬಂದ ದುಡ್ಡು ಬೇಗ ಹೋಗುವಾಗ ಏನು ಬಿಟ್ಟು ಹೋಗ್ತದೆ ಅಂತ ನೋಡಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ ಮಾರಾಯ್ರೆ.

2024ರ ಜನವರಿ 26ರ ಸುಮಾರಿಗೆ ಕುಮಾರಪರ್ವತದ ವಿಡಿಯೋ ನಿಮ್ಮೆಲ್ಲರ ಫೋನಿಗೂ ಬಂದಿತ್ತು. ರಜೆ ಸಿಕ್ಕಿತು ಅಂತ ಸಾವಿರಾರು ಜನ ಒಂದೇ ಸಲ ನುಗ್ಗಿ, ಗುಡ್ಡದ ಮೇಲೆ ಜಾತ್ರೆ ಕ್ಯೂ. ಆಮೇಲೆ ಏನಾಯಿತು? ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳೆಲ್ಲ ರಾಜ್ಯದಲ್ಲೇ ಬಂದ್. ಅಲ್ಲಿ ತಳ್ಳಾಟ ಆದದ್ದಕ್ಕೆ ಇಲ್ಲಿಯ ಜೀಪೂ ನಿಂತಿತು. ಅದಾದಮೇಲೆಯೇ ಕುದುರೆಮುಖ, ನೇತ್ರಾವತಿಗೆ ತಲಾ 300 ಅಂತ ಬಂದದ್ದು. ಮಿತಿ ತೆಗೆಸಿ, ನಮ್ಮ ಗುಡ್ಡದಲ್ಲೂ ಹಾಗೆ ನುಗ್ಗಿ ಯಾರೋ ಒಬ್ಬ ಹಳ್ಳದಲ್ಲಿ ಕೊಚ್ಚಿ ಹೋದ ಅಂತ ಇಟ್ಟುಕೊಳ್ಳಿ. ಮರುದಿನ 300 ಇರೋದಿಲ್ಲ, ಸೊನ್ನೆ ಇರ್ತದೆ.

ಇಲಾಖೆಯ ಪರ ವಕಾಲತ್ತು ಮಾಡ್ತಿದ್ದೇನೆ ಅಂದುಕೊಳ್ಳಬೇಡಿ. 300 ಅನ್ನೋದು ಬರೀ ಅಂಕಿ. 300 ಜನ ಬೆಳಿಗ್ಗೆ ಒಂದೇ ಹೊತ್ತಿಗೆ ಒಂದೇ ದಾರಿ ಹಿಡಿದರೆ ಅದೂ ಮೆರವಣಿಗೆಯೇ. ಜಗಳ ಮಾಡೋಣ, ಆದರೆ ಸರಿಯಾದ್ದಕ್ಕೆ ಮಾಡೋಣ. ಹತ್ತು ಹನ್ನೆರಡು ಜನಕ್ಕೆ ಒಬ್ಬ ಊರಿನ ಗೈಡು ಕಡ್ಡಾಯ ಆಗಲಿ, ಅವನಿಗೆ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡಲಿ. ತಂಡ ತಂಡಕ್ಕೆ ಹೊರಡುವ ಹೊತ್ತು ಬೇರೆ ಬೇರೆ ಇರಲಿ. ಟಿಕೆಟಿನ ದುಡ್ಡಿನ ಒಂದು ಪಾಲು ಗ್ರಾಮ ಅರಣ್ಯ ಸಮಿತಿಗೆ ಬರಲಿ, ಅದರಲ್ಲಿ ಬೆಂಕಿ ಕಾಲದ ವಾಚರುಗಳ ಸಂಬಳ ಹುಟ್ಟಲಿ, ಸಂಕ ರಿಪೇರಿ ಆಗಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸ್ತಾರೆ, ಸರಿಯೇ. ಆದರೆ ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಓಡುವವರು ಯಾರು? ನಾವೇ. ಆ ಕೆಲಸಕ್ಕೆ ಕೂಲಿ ಕೇಳೋದರಲ್ಲಿ ನಾಚಿಕೆ ಏನಿದೆ?

ಶಿಖರ ಒಂದೇ ಅಲ್ಲ ಅಂತ ಬಂದವನಿಗೆ ಹೇಳುವ ಕೆಲಸ ಮಾತ್ರ ನಮ್ಮದು. ಕುರಿಂಜಾಲ್, ಗಂಗಡಿಕಲ್ಲು ದಾರಿಗಳು ಚಿಕ್ಕವು, ಅವಸರ ಇಲ್ಲದೆ ಹಕ್ಕಿ ನೋಡುತ್ತ ನಡೆಯಬಹುದು. ಅನುಮತಿ ಅವಕ್ಕೂ ಬೇಕು. ಅದೂ ಸಿಗದಿದ್ದರೆ ನಮ್ಮದೇ ಕಾಫಿ ತೋಟದ ಅಂಚು ಸಾಕು, ಬೆಳಿಗ್ಗೆ ಆರಕ್ಕೆ ಎಬ್ಬಿಸಿದರೆ ಒಂಬತ್ತರೊಳಗೆ ಅವನ ಪುಸ್ತಕ ತುಂಬುವಷ್ಟು ಹಕ್ಕಿ. ಮೂರು ರಾತ್ರಿ ಉಳಿಯುವ ಒಂದು ಸಂಸಾರ, ಒಂದು ರಾತ್ರಿಯೂ ಉಳಿಯದ ಹನ್ನೆರಡು ಹುಡುಗರಿಗಿಂತ ಮೇಲು. ತೊಳೆಯುವ ಬೆಡ್‌ಶೀಟೂ ಕಡಿಮೆ, ಮನೆಯ ಹೆಂಗಸರನ್ನು ಕೇಳಿ ನೋಡಿ. (ಹೇಗೂ ಕಾಡಿನೊಳಗೆ ಕರೆದುಕೊಂಡು ಹೋಗುವವರು ಒಂದು ನೆನಪಿಡಿ, ನವೆಂಬರ್ ಕಳೆದ ಮೇಲೆ ಉಣ್ಣೆ ಕಾಟ. ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೇ ಇದೆ. ತರಗೆಲೆ ಮೇಲೆ ಕೂರಿಸಬೇಡಿ, ಡೆಪಾ ಎಣ್ಣೆ ಹಚ್ಚಿಸಿ, ಬಂದ ಕೂಡಲೇ ಬಿಸಿನೀರು ಸೋಪು ಹಾಕಿ ಸ್ನಾನ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ.)

ಜೀಪಿನವರು ನನ್ನ ಮೇಲೆ ಸಿಟ್ಟಾಗ್ತಾರೆ ಅಂತ ಗೊತ್ತು. ಸಾಲ ಮಾಡಿ ಗಾಡಿ ತಂದವನಿಗೆ ಕಂತಿನ ತಾರೀಖು ಕಾಡಿನ ಕಷ್ಟ ಕೇಳೋದಿಲ್ಲ. ಆದರೆ ಒಂದು ನೋಡಿ ಅಣ್ಣ, ಮಿತಿ ಇರುವಾಗ ನಿಮ್ಮ ಸರದಿ ನಿಮಗೆ ಖಾತ್ರಿ. ಮಿತಿ ಹೋದ ದಿನ ಹೊರಗಿನಿಂದ ಎಷ್ಟು ಗಾಡಿ ಬಂದು ಮುಳ್ಳೋಡಿ ದಾರಿಯಲ್ಲಿ ನಿಲ್ತವೆ, ಆಗ ನಿಮ್ಮ ಟ್ರಿಪ್ಪಿಗೆ ಎಷ್ಟು ಕೊಡ್ತಾರೆ, ಇದನ್ನು ನಿಮ್ಮ ಸಂಘದ ಮುಂದಿನ ಮೀಟಿಂಗಿನಲ್ಲಿ ಕೇಳಿ. ಉತ್ತರ ಸಿಕ್ಕಿದರೆ ಇಲ್ಲೇ ಕೆಳಗೆ ಬರೆಯಿರಿ, ನಾನೂ ಓದ್ತೇನೆ.